ಇನ್ನೂರೈವತ್ತಾರು

ಮರಿಲಿಂಗಮ್ಮ ನಕ್ಕದ್ದು ತನ್ನನ್ನು ನೋಡಿ ಅಲ್ಲವೆಂಬುದು ಚನ್ನಯ್ಯನಿಗೆ ಗೊತ್ತಿತ್ತು. ಅವಳು ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದಳು, ಮುಖವೂ ಆಚೆ ಗೋಡೆಯ ಕಡೆಗಿತ್ತು. ಆದರೂ ಬಾಗಿಲಿನಿಂದ ತನ್ನ ಕುರ್ಚಿಯವರೆಗಿನ ಹತ್ತು ಹೆಜ್ಜೆಯನ್ನು ಅವನು ಅಂಗಿಯ ಬೆನ್ನಿಗೆ ಏನೋ ಅಂಟಿಕೊಂಡವನಂತೆ ನಡೆದ. ಎಂಟು ತಿಂಗಳಿಂದ ಹೀಗೇ. ಶಹಾಪುರದ ಈ ಕಾಲುವೆ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ನಕ್ಷೆ ಬರೆಯುತ್ತ ಬಂದವನು ಅವನು. ಮೊದಲು ಟ್ರೇಸಿಂಗ್ ಬಟ್ಟೆಯ ಮೇಲೆ ಉಸಿರು ಬಿಗಿಹಿಡಿದು ಗೆರೆ ಎಳೆದು, ಅಮೋನಿಯಾದ ಘಾಟಿನಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಪ್ರತಿ ತೆಗೆದವನು. ಕಂಪ್ಯೂಟರು ಬಂದಾಗ ಉಳಿದವರೆಲ್ಲ ಅದಕ್ಕೆ ಬಟ್ಟೆ ಹೊದಿಸಿ, ಊದಿನಕಡ್ಡಿ ಹಚ್ಚಿ ದೂರ ನಿಂತಿದ್ದರೆ, ಧೈರ್ಯ ಮಾಡಿ ಅದರ ಎದುರಿಗೆ ಕುಳಿತವನೂ ಅವನೇ. ಅಲ್ಲಿಂದ ಹದಿನೈದು ವರ್ಷ ಈ ಕಚೇರಿಯಲ್ಲಿ ಪ್ರಿಂಟರು ಕೆಮ್ಮಿದರೂ ಇಂಟರ್ನೆಟ್ಟು ಸತ್ತರೂ ಎಲ್ಲರ ಬಾಯಲ್ಲಿ ಒಂದೇ ಮಾತು: ಚನ್ನಯ್ಯನ್ನ ಕರೀರಿ. ಆ ಮಾತನ್ನು ಅವನು ಕೇಳಿಸಿಕೊಂಡೂ ಕೇಳಿಸದವನಂತೆ ಒಂದು ಗಳಿಗೆ ಕುಳಿತಿರುತ್ತಿದ್ದ, ಎರಡನೇ ಸಲ ಕರೆಯಲಿ ಎಂದು. ಈಗ ಎರಡನೇ ಸಲವಿರಲಿ, ಮೊದಲನೇ ಸಲವೂ ಕರೆಯುವವರಿಲ್ಲ. ಮರಿಲಿಂಗಮ್ಮನ್ನ ಕೇಳ್ರಿ, ಆಕಿಗೆ ಗೊತ್ತಿರ್ತದ. ಅವಳು ವರ್ಷದ ಗುತ್ತಿಗೆಯ ಮೇಲೆ ಬಂದ, ಇಪ್ಪತ್ತೆಂಟರ ಹುಡುಗಿ. ಒಳಗಿನ ಉರಿಯನ್ನು ಹೊಟ್ಟೆಕಿಚ್ಚು ಎಂದು ಕರೆಯಲು ಅವನು ಮೊದಲ ಮೂರು ತಿಂಗಳು ಒಪ್ಪಿರಲಿಲ್ಲ. ಪಿತ್ತವೆಂದುಕೊಂಡು ಜೀರಿಗೆ ನೀರು ಕುಡಿದಿದ್ದ. ನಾಲ್ಕನೇ ತಿಂಗಳಿಂದ ಒಪ್ಪಿಕೊಂಡಿದ್ದ. ಒಪ್ಪಿಕೊಂಡಮೇಲೆ ಅದು ಇನ್ನಷ್ಟು ಆರಾಮಾಗಿ ಒಳಗೆ ಕಾಲು ಚಾಚಿ ಮಲಗಿತ್ತು.

ಅವಳ ಗುತ್ತಿಗೆಯನ್ನು ಬರುವ ವರ್ಷಕ್ಕೆ ಮುಂದುವರಿಸಬೇಕೋ ಬೇಡವೋ ಎಂದು ಸಾಹೇಬರು ಈ ವಾರ ಬರೆಯಬೇಕಿತ್ತು. ಆ ಫೈಲು ಸಾಹೇಬರ ಮೇಜಿನ ಎಡಮಗ್ಗುಲಲ್ಲಿ, ಕೆಳಗಿನಿಂದ ಮೂರನೆಯದು. ಚನ್ನಯ್ಯ ಒಳಗೆ ಹೋದಾಗಲೆಲ್ಲ ಅದರ ಕೆಂಪು ದಾರವನ್ನು ನೋಡಿ ಬರುತ್ತಿದ್ದ. ಕೆಟ್ಟದ್ದನ್ನೇನೂ ಅವನು ಬಯಸಲಿಲ್ಲ. ಕಲಬುರಗಿಯಲ್ಲೋ ರಾಯಚೂರಿನಲ್ಲೋ ಅವಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗಲಿ, ಎದುರಿನ ಆ ಕುರ್ಚಿ ಖಾಲಿಯಾಗಲಿ, ಅಷ್ಟೇ.

ಅವಳು ಇನ್ನೂ ಫೋನಿನಲ್ಲಿದ್ದುದರಿಂದ ಅಂದು ಬೆಳಿಗ್ಗೆ ಸಾಹೇಬರು ಅವನನ್ನೇ ಕರೆದರು. ಮೇಜಿನ ಮೇಲೆ ಹೊಸ ಲ್ಯಾಪ್‌ಟಾಪು ತೆರೆದಿತ್ತು. ಅದನ್ನು ಒದಗಿಸಿದವನು ಬಸ್‌ಸ್ಟ್ಯಾಂಡಿನ ಹಿಂದೆ ಅಂಗಡಿ ಇಟ್ಟಿರುವ ಹಸನಸಾಬ. ವಿಂಡೋಸ್ ಇಲ್ಲದೆ ಬಂದ ಯಂತ್ರಕ್ಕೆ ಮರಿಲಿಂಗಮ್ಮ ಅದರ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದ್ದಳು. ಮರುದಿನ ಯಾದಗಿರಿಯಲ್ಲಿ ನೀರಿನ ಸಭೆ. ಕಾಲುವೆಗೆ ಎಷ್ಟು ದಿನ ಚಾಲು, ಎಷ್ಟು ದಿನ ಬಂದ್ ಎಂದು ನಿರ್ಧಾರವಾಗುವುದು ಅಲ್ಲಿ. ಕೊನೆಯ ಹೊಲಗಳಿಗೆ ಎಲ್ಲೆಲ್ಲಿ ನೀರು ಮುಟ್ಟುತ್ತಿಲ್ಲವೆಂದು ತೋರಿಸುವ ನಕ್ಷೆ ಅಲ್ಲಿ ಗೋಡೆಯ ಮೇಲೆ ಮೂಡಬೇಕು. ನಕ್ಷೆ ಅವಳು ಮಾಡಿದ್ದು. ಅದೀಗ ಪರದೆಯ ಮೇಲೆ ತುಂಡುತುಂಡಾಗಿ ಬರುತ್ತಿತ್ತು: ಹುಣಸಗಿ ಮೂಡಿದರೆ ಕಕ್ಕೇರಾ ಮಾಯ, ಕಕ್ಕೇರಾಕ್ಕೆ ಸರಿಸಿದರೆ ಎಲ್ಲವೂ ಬೂದು. ತುಮಕೂರು ಕಡೆಯ ಸಾಹೇಬರು ಕನ್ನಡಕ ತೆಗೆದು, “ನೋಡ್ರೀ ಚನ್ನಯ್ಯ, ಗ್ರಾಫಿಕ್ಸ್ ಮೆಮೊರಿ ನಾಲ್ಕು ಜಿಬಿ ಅಂತ ಬಾಕ್ಸ್ ಮೇಲಿದೆ. ನಿಜವಾಗಿ ಇದೆಯಾ?” ಎಂದರು.

ಇದೆಯಾ ಎಂದು ಕೇಳಿದ್ದು ಅವನನ್ನು. ಚನ್ನಯ್ಯ ಕುರ್ಚಿಯನ್ನು ಬೇಕಾದದ್ದಕ್ಕಿಂತ ಹೆಚ್ಚು ಸದ್ದು ಮಾಡಿ ಎಳೆದ. ಕಪ್ಪು ಕಿಂಡಿ ತೆರೆದು ಕಮಾಂಡ್ ಹೊಡೆಯುವಾಗ ಬೆರಳಿಗೆ ಹಳೆಯ ಹುರುಪು ಬಂತು. ಯಂತ್ರದೊಳಗಿನ ಸಾಮಾನುಗಳ ಪಟ್ಟಿ ಸರಸರನೆ ಇಳಿಯಿತು. ಗ್ರಾಫಿಕ್ಸ್ ಕಾರ್ಡಿನ ಹೆಸರು, ಅದರ ಕೆಳಗೆ ಮೆಮೊರಿ ಎಂಬ ಮಾತು, ಸಾಲಿನ ಕೊನೆಗೆ ಅಳತೆ: ಇನ್ನೂರೈವತ್ತಾರು ಎಂಬಿ. ಅವನು ಮತ್ತೊಮ್ಮೆ ಹೊಡೆದ. ಮತ್ತೂ ಇನ್ನೂರೈವತ್ತಾರು. ಆ ಅಂಕಿಯನ್ನು ಕಂಡು ತನಗೆ ಇಷ್ಟು ಸಂತೋಷ ಯಾಕಾಯಿತೆಂದು ಅವನು ಆಗ ಕೇಳಿಕೊಳ್ಳಲಿಲ್ಲ. “ಮೋಸ ಆಗ್ಯದ್ರಿ ಸರ,” ಎಂದ, ಹೊರಗಿನ ಹಾಲಿಗೂ ಕೇಳುವಷ್ಟು ಗಟ್ಟಿಯಾಗಿ. “ಡಬ್ಬಿ ಮ್ಯಾಲ ನಾಕು ಜಿಬಿ, ಒಳಗ ಕಾಲು ಜಿಬಿ. ಲಿನಕ್ಸ್ ಹಾಕಿದವರು ಇಷ್ಟರ ನೋಡಬೇಕಾಗಿತ್ತು.”

ಸಾಹೇಬರು ನೋಟು ಬರೆಯಲು ಹೇಳಿದರು. ಪೂರೈಕೆದಾರ ತೋರಿಸಿದ ಮೆಮೊರಿಗೂ ಪರೀಕ್ಷೆಯಲ್ಲಿ ಕಂಡ ಮೆಮೊರಿಗೂ ತಾಳೆಯಾಗುವುದಿಲ್ಲ. ಇಂಥವರನ್ನು ಮುಂದೆ ಯಾವ ಕಚೇರಿಯೂ ಹತ್ತಿರ ಸೇರಿಸಬಾರದು. ಪರೀಕ್ಷಿಸಿದವರು: ಚನ್ನಯ್ಯ. ಸಹಿ ಬಿತ್ತು. ನೋಟು ಟಪಾಲಿನ ಟ್ರೇ ಸೇರಿತು. ನಾಲ್ಕು ಗಂಟೆಗೆ ಜೀಪು ಯಾದಗಿರಿಗೆ ಹೋಗುವಾಗ ಅದೂ ಹೋಗುತ್ತದೆ. ನ್ಯಾಯದ ಪ್ರಕಾರ ಒಂದು ಮಾತು ಕೇಳಬೇಕೆಂದು ಅವನು ಹಸನಸಾಬನಿಗೆ ಫೋನು ಮಾಡಿದ. ಆ ಕಡೆಯಿಂದ, “ಚನ್ನಯ್ಯ ಸಾಹೇಬ್ರ, ಇಪ್ಪತ್ತು ವರ್ಷ ಆತು ನನ್ನ ದುಕಾನ್ ಇಟ್ಟು. ಅಲ್ಲಾನ ಕಸಮ್, ಡಬ್ಬಿ ಸೀಲ್ ಸುದ್ದಾ ನಾ ಒಡದಿಲ್ರಿ. ಇನ್ನೊಮ್ಮಿ ನೋಡ್ರಿ. ಈ ಊರಾಗ ನನಗ ಹೆಸರು ಬಿಟ್ರ ಮತ್ತೇನದ?” ಎಂಬ ದನಿ ಬಂತು. “ನಾ ಎರಡು ಸಲ ನೋಡೀನಿ ಹಸನಸಾಬ,” ಎಂದ ಚನ್ನಯ್ಯ. ಎರಡು ಸಲ ನೋಡಿದ್ದಂತೂ ನಿಜವೇ ಆಗಿತ್ತು.

ಹನ್ನೆರಡಕ್ಕೆ ಮರಿಲಿಂಗಮ್ಮ ಅವನ ಮೇಜಿನ ಹತ್ತಿರ ಬಂದಳು. ಕೈಯಲ್ಲಿದ್ದ ಕಾಗದಗಳನ್ನು ಅವನ ಕೈಗೆ ಕೊಡದೆ ಮೇಜಿನ ತುದಿಗಿಟ್ಟಳು. ಯಾವಾಗಲೂ ಹಾಗೇ ಇಡುತ್ತಿದ್ದಳು, ಅದು ಅವಳ ರೂಢಿಯೋ ನೆನಪೋ ಅವನಿಗೆ ತಿಳಿದಿರಲಿಲ್ಲ. ಅವಳ ಅಪ್ಪ ಹುಲಗಪ್ಪ ಹುಣಸಗಿ ಕಡೆಯ ಉಪಕಾಲುವೆಯ ಗೇಟು ಕಾಯುವವನಾಗಿದ್ದ. ಸೋಮವಾರಕ್ಕೊಮ್ಮೆ ನೀರಿನ ಗೇಜಿನ ಅಳತೆ ಬರೆದ ಚೀಟಿ ಹಿಡಿದು ಬಂದು ಇದೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದ. ‘ಅಲ್ಲೇ ಇಡು ಹುಲಗ’ ಎಂದು ಚನ್ನಯ್ಯ ಮೇಜಿನ ತುದಿ ತೋರಿಸುತ್ತಿದ್ದ. ಹನ್ನೊಂದು ವರ್ಷದಲ್ಲಿ ಒಂದು ಚೀಟಿಯನ್ನಾದರೂ ಕೈಯಿಂದ ಕೈಗೆ ತೆಗೆದುಕೊಂಡದ್ದು ನೆನಪಿಲ್ಲ. ತನಗಿಂತ ಹತ್ತು ವರ್ಷ ದೊಡ್ಡವನನ್ನು ಹುಲಗ ಎಂದು ಕರೆಯಬಾರದೆಂದು ಆಗ ಹೊಳೆದಿರಲಿಲ್ಲ. ಹೊಳೆದದ್ದು ಮಗಳು ಎದುರಿನ ಕುರ್ಚಿಯಲ್ಲಿ ಬಂದು ಕುಳಿತ ದಿನ, ಮತ್ತು ಹೊಳೆದದ್ದಕ್ಕೂ ಅವನಿಗೆ ಅವಳ ಮೇಲೆಯೇ ಸಿಟ್ಟು ಬಂದಿತ್ತು.

“ಸರ, ಸಿಟ್ಟಾಗಬ್ಯಾಡ್ರಿ,” ಎಂದಳು ಮರಿಲಿಂಗಮ್ಮ, ಪಕ್ಕದ ಮೇಜಿಗೂ ಕೇಳಿಸದಷ್ಟು ಮೆಲ್ಲಗೆ. “ಆ ಇನ್ನೂರೈವತ್ತಾರು ಕಾರ್ಡಿನ ಮೆಮೊರಿ ಅಲ್ರಿ.”

“ಮೆಮೊರಿ ಅಂತ ಅಲ್ಲೇ ಬರದದಲ್ಲ?”

“ಬರದದ್ರಿ. ಆದ್ರ ಅದು ಪ್ರೊಸೆಸರ್ ಆ ಕಾರ್ಡಿನ ಒಳಗ ಕೈ ಹಾಕಾಕ ಇಟ್ಟ ದಾರಿಯ ಅಳತಿ ಅಷ್ಟರಿ. ಒಳಗಿನ ಮೆಮೊರಿ ಬ್ಯಾರೆ.” ಅವನ ಮುಖ ನೋಡಿ ಅವಳು ಮಾತನ್ನು ಕಾಲುವೆಯ ಕಡೆಗೆ ತಿರುಗಿಸಿದಳು. “ನಮ್ಮ ತೂಬು ಇಲ್ಲೇನ್ರಿ, ಹಂಗ. ತೂಬಿನ ಅಗಲ ಅಳದು, ಡ್ಯಾಮಿನ್ಯಾಗ ಇಷ್ಟ ನೀರು ಅದ ಅಂದಂಗ ಆತ್ರಿ.”

“ನನಗ ತೂಬು ಕಲಿಸಾಕ ಬಂದಿ?” ಎಂದ ಚನ್ನಯ್ಯ. ಅವನ ದನಿ ಮೆಲ್ಲಗಿರಲಿಲ್ಲ. ಅಕ್ಕಪಕ್ಕದ ಎರಡು ತಲೆಗಳು ಮೇಲೆದ್ದವು. “ನಿಮ್ಮಪ್ಪ ಗೇಟು ತಿರುವೂಕ್ಕಿಂತ ಮೊದಲ ನಾ ತೂಬಿನ ನಕ್ಷಿ ಬರದೀನಿ.” ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. “ಹೌದ್ರಿ ಸರ. ನೋಟು ನಾಕಕ್ಕ ಹೋಗ್ತದ, ಅದಕ್ಕ ಹೇಳಿದ್ನಿ,” ಎಂದು ತನ್ನ ಜಾಗಕ್ಕೆ ಹೋದಳು.

ಊಟಕ್ಕೆ ಮನೆಗೆ ನಡೆಯುವಾಗ ಬಿಸಿಲು ನೆತ್ತಿಗೆ ಕುಳಿತಿತ್ತು. ಅಪ್ಪನ ಮಾತನ್ನು ಯಾಕೆ ತೆಗೆದೆ ಎಂದು ಅವನು ಕೇಳಿಕೊಂಡ. ಅದೂ ಲೆಕ್ಕ ತಪ್ಪಿತ್ತು, ಹುಲಗಪ್ಪ ತನಗಿಂತ ಆರು ವರ್ಷ ಮೊದಲೇ ಕೆಲಸಕ್ಕೆ ಸೇರಿದವನು. ಅದಕ್ಕಿಂತ ಹೆಚ್ಚಾಗಿ ಚುಚ್ಚುತ್ತಿದ್ದುದು ತೂಬು. ಹಿಂದೊಮ್ಮೆ ಬೆಂಗಳೂರಿಂದ ಬಂದ ಹೊಸ ಇಂಜಿನಿಯರೊಬ್ಬ ಕೊಡೇಕಲ್ಲಿನ ಕಡೆ ಹೊಲದಲ್ಲಿ ನಿಂತು ತೂಬಿನ ಕೊಳವೆಯ ಅಳತೆ ನೋಡಿ, ‘ಹಾಗಾದರೆ ನೀರು ಇಷ್ಟೇ ಇದೆ’ ಎಂದಿದ್ದ. ಚನ್ನಯ್ಯ ಅದನ್ನು ವಾರವಿಡೀ ಕಚೇರಿಯಲ್ಲಿ ಆಡಿ ತೋರಿಸಿ ನಗಿಸಿದ್ದ. ಬಾಗಿಲಲ್ಲಿ ಚೀಟಿ ಹಿಡಿದು ನಿಂತ ಹುಲಗಪ್ಪನೂ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದ. ಕಾಲುವೆಯ ದಂಡೆಯ ಮೇಲೆ ಕೂದಲು ನರೆತವನು ಅದೇ ತಪ್ಪನ್ನು ಮಾಡಿದನೆಂದರೆ ನಂಬುವವರು ಯಾರು? ಹಾಗಾಗಿ ಅವಳು ಹೇಳಿದ್ದು ಸುಳ್ಳೇ ಇರಬೇಕು. ಈ ತರ್ಕ ಮನೆಯ ಹೊಸ್ತಿಲವರೆಗೆ ಗಟ್ಟಿಯಾಗಿ ನಿಂತಿತ್ತು. ರೊಟ್ಟಿ ಬಡಿಸುತ್ತ ಹೆಂಡತಿ ಸೂಗಮ್ಮ, “ನಿಮ್ಮ ಆಫೀಸಿನ ಮರಿಲಿಂಗಮ್ಮ ಸಂತ್ಯಾಗ ಸಿಕ್ಕಿದ್ಲು ನೋಡ್ರಿ. ನನ್ನ ಫೋನಿನ್ಯಾಗ ಫೋಟೋ ಎಲ್ಲಾ ಹೋಗಿದ್ವಲ್ಲ, ನಿಂತ ಕಾಲಮ್ಯಾಲ ವಾಪಸ್ ತಂದುಕೊಟ್ಲು. ಭಾಳ ಚಲೋ ಹುಡುಗಿ,” ಎಂದಳು. ಆ ಫೋಟೋಗಳು ಇನ್ನು ಸಿಗುವುದಿಲ್ಲವೆಂದು ಹೆಂಡತಿಗೆ ಹೇಳಿದವನು ಅವನೇ. ಅವನು ಎರಡನೇ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. “ಯಾಕ್ರಿ, ಪಲ್ಯ ಖಾರ ಆಗ್ಯದೇನು?” ಎಂದು ಅವಳು ಕೇಳಿದ್ದಕ್ಕೆ ಹೌದೆಂದ.

ಎರಡೂವರೆಗೆ ಸಾಹೇಬರ ಕೋಣೆ ಖಾಲಿಯಿತ್ತು, ಲ್ಯಾಪ್‌ಟಾಪು ತೆರೆದೇ ಇತ್ತು. ಚನ್ನಯ್ಯ ಬಾಗಿಲನ್ನು ಅರ್ಧ ಮುಚ್ಚಿ ಕುಳಿತ. ಅವಳು ಹೇಳಿದ್ದು ಸುಳ್ಳೆಂದು ಖಾತ್ರಿ ಮಾಡಿಕೊಳ್ಳಲು ಬಂದೆನೆಂದು ತನಗೆ ತಾನೇ ಹೇಳಿಕೊಂಡ. ಯಂತ್ರ ಚಾಲೂ ಆಗುವಾಗ ತನ್ನ ಪಾಡಿಗೆ ಬರೆದಿಟ್ಟುಕೊಳ್ಳುವ ದಿನಚರಿಯೊಂದಿರುತ್ತದೆ. ಬೆಳಿಗ್ಗೆ ಅದನ್ನು ತೆರೆಯುವ ತಾಳ್ಮೆ ಇರಲಿಲ್ಲ, ಬೇಕಾದ ಅಂಕಿ ಆಗಲೇ ಸಿಕ್ಕಿಬಿಟ್ಟಿತ್ತಲ್ಲ. ಈಗ ತೆರೆದು ಗ್ರಾಫಿಕ್ಸ್ ಮೆಮೊರಿಯ ಮಾತಿರುವ ಸಾಲನ್ನು ಹುಡುಕಿದ. ಒಂದೇ ಸಾಲು ಸಿಕ್ಕಿತು. ಅದರಲ್ಲಿ ಎರಡು ಅಂಕಿಗಳು ಅಕ್ಕಪಕ್ಕ ಕುಳಿತಿದ್ದವು: ಕಾರ್ಡಿನ ಮೆಮೊರಿ ನಾಲ್ಕು ಸಾವಿರದ ತೊಂಬತ್ತಾರು ಎಂಬಿ, ದಾರಿಯ ಅಳತೆ ಇನ್ನೂರೈವತ್ತಾರು. ಡ್ಯಾಮು ಮತ್ತು ತೂಬು. ನಾಲ್ಕು ಜಿಬಿ ಚೊಕ್ಕವಾಗಿ ಇತ್ತು. ಹಸನಸಾಬ ಸೀಲು ಒಡೆದಿರಲಿಲ್ಲ.

ಅವನು ಪರದೆಯನ್ನು ಒರೆಸಿಹಾಕಿದ. ಕಪ್ಪು ಕಿಂಡಿಯಲ್ಲಿ ಒಂದಕ್ಷರವೂ ಉಳಿಯದಂತೆ. ಯಾಕೆ ಒರೆಸಿದೆನೆಂಬುದು ಕೈ ಹಿಂದೆ ತೆಗೆದಮೇಲೆ ತಿಳಿಯಿತು: ತಾನು ನೋಡಿದ್ದು ಯಾರಿಗೂ ಗೊತ್ತಾಗದಿರಲಿ ಎಂದು. ಟಪಾಲಿನ ಟ್ರೇ ಹಾಲಿನಲ್ಲಿ, ಎಲ್ಲರ ಕಣ್ಣೆದುರಿಗೆ. ಎದ್ದು ಹೋಗಿ ನೋಟನ್ನು ಎಳೆದುಕೊಳ್ಳಲು ಒಂದು ನಿಮಿಷವೂ ಬೇಡ. ಆದರೆ ಅವಳು ನೋಡುತ್ತಾಳೆ. ಏನೂ ಅನ್ನುವುದಿಲ್ಲ, ತಲೆ ಕೂಡ ಎತ್ತುವುದಿಲ್ಲ, ಆದರೂ ನೋಡಿರುತ್ತಾಳೆ. ಇಪ್ಪತ್ತು ವರ್ಷದ ಹಸನಸಾಬನ ಹೆಸರು ಒಂದು ತಟ್ಟೆಯಲ್ಲಿ, ಅವಳ ಆ ನೋಡದ ನೋಟ ಇನ್ನೊಂದರಲ್ಲಿ. ನಾಚಿಕೆಗೆಟ್ಟ ತಕ್ಕಡಿ ಅವಳ ಕಡೆಗೇ ಇಳಿಯುತ್ತಿತ್ತು. ಮೂರಾಯಿತು. ಮೂರೂಕಾಲಾಯಿತು. ಅವನು ತನ್ನ ಮೇಜಿನಲ್ಲಿ ಕುಳಿತು ಹಳೆಯ ನಕ್ಷೆಯೊಂದರ ಮಡಿಕೆಗಳನ್ನು ಬಿಚ್ಚಿ ಮತ್ತೆ ಮಡಿಸಿದ.

ಮೂರೂವರೆಗೆ ಸಾಹೇಬರ ಕೋಣೆಯಿಂದ, “ಚನ್ನಯ್ಯ, ಬನ್ರಿ ಇಲ್ಲಿ,” ಎಂಬ ಕೂಗು ಬಂತು. ಒಳಗೆ ಮರಿಲಿಂಗಮ್ಮ ಲ್ಯಾಪ್‌ಟಾಪಿನ ಪಕ್ಕ ನಿಂತಿದ್ದಳು. ಪರದೆಯ ಮೇಲೆ ನಕ್ಷೆ ನಾರಾಯಣಪುರದಿಂದ ಸುರಪುರದವರೆಗೆ ತಡೆಯಿಲ್ಲದೆ ಹರಿಯುತ್ತಿತ್ತು. ಅವಳು ಬೆರಳು ಸರಿಸಿದರೆ ಉಪಕಾಲುವೆಗಳು, ಇನ್ನೂ ಸರಿಸಿದರೆ ತೂಬುಗಳು, ಕೊನೆಗೆ ನೀರು ಮುಟ್ಟದ ಹೊಲಗಳ ಕೆಂಪು ಚೂರುಗಳು. ಚಂದವಾಗಿತ್ತು. ಅದು ಚಂದವಾಗಿದೆಯೆಂದು ಅವನ ಕಣ್ಣು ಅವನನ್ನು ಕೇಳದೆಯೇ ಒಪ್ಪಿಕೊಂಡಿತು.

“ಇದರಲ್ಲಿ ಎರಡು ಕಾರ್ಡ್ ಇವೆಯಂತೆ,” ಎಂದರು ಸಾಹೇಬರು ಉತ್ಸಾಹದಿಂದ. “ನಕ್ಷೆ ಚಿಕ್ಕದರ ಮೇಲೆ ಓಡ್ತಿತ್ತಂತೆ, ದೊಡ್ಡದು ಸುಮ್ಮನೆ ಮಲಗಿತ್ತಂತೆ. ಮೆಮೊರಿನೂ ಸರಿಯಾಗಿ ನಾಲ್ಕು ಜಿಬಿ ಇದೆಯಂತೆ. ಅಲ್ರೀ, ಊಟ ಬಿಟ್ಟು ಕೂತು ಇದನ್ನೆಲ್ಲ ಕಂಡುಹಿಡಿದು ಮೇಡಂಗೆ ಹೇಳಿಕೊಟ್ಟಿದ್ದೀರಿ, ನನಗೊಂದು ಮಾತು ಹೇಳಬಾರದಾ?”

ಚನ್ನಯ್ಯ ಮರಿಲಿಂಗಮ್ಮನನ್ನು ನೋಡಿದ. ಅವಳು ಪರದೆಯನ್ನು ನೋಡುತ್ತಿದ್ದಳು. “ಹೌದ್ರಿ ಸರ,” ಎಂದಳು ಸಾಹೇಬರಿಗೆ, “ಚನ್ನಯ್ಯ ಸರೇ ತೋರಿಸಿದ್ರು. ಮುಂಜಾನಿ ಅವಸರದಾಗ ನೋಟು ಬರದಿದ್ರಂತ್ರಿ, ಅದನ್ನ ಅವರ ವಾಪಸ್ ತಗೋತಾರ.”

ಚನ್ನಯ್ಯ ಸುಮ್ಮನಿದ್ದರೆ ಸಾಕಿತ್ತು; ಮರ್ಯಾದೆ ತಾನಾಗಿಯೇ ಬಂದು ಮಡಿಲಿಗೆ ಬಿದ್ದಿತ್ತು. ಸುಮ್ಮನಿದ್ದ ಕೂಡ. ಸಾಹೇಬರು ಎಡಮಗ್ಗುಲಿನ ಫೈಲುಗಳಿಂದ ಕೆಂಪು ದಾರದ್ದನ್ನು ಎಳೆದುಕೊಂಡರು. “ನಾನೂ ಇದನ್ನೇ ಯೋಚನೆ ಮಾಡ್ತಿದ್ದೆ. ಮನೇಲೇ ಇಷ್ಟು ಗೊತ್ತಿರೋರು ಇರಬೇಕಾದರೆ ಹೊರಗಿನವರು ಯಾಕೆ ಅಂತ ಮೇಲಿನವರು ಕೇಳ್ತಾರೆ. ಮೇಡಂ, ಬೇಜಾರು ಮಾಡ್ಕೋಬೇಡಿ. ನಕ್ಷೆ ಒಳ್ಳೇ ಕೆಲಸ, ಸರ್ಟಿಫಿಕೇಟ್ ಬರೆದುಕೊಡ್ತೀನಿ. ಇನ್ನು ಮುಂದೆ ಚನ್ನಯ್ಯನೇ ನೋಡ್ಕೊಳ್ಳಲಿ.” ಅವರು ಪೆನ್ನಿನ ಮುಚ್ಚಳ ತೆಗೆದರು.

ಅವಳು ಇದನ್ನು ಎಣಿಸಿರಲಿಲ್ಲ. ಲ್ಯಾಪ್‌ಟಾಪಿನ ಮೇಲಿದ್ದ ಅವಳ ಕೈ ಹಾಗೆಯೇ ನಿಂತಿತು, ನಕ್ಷೆಯೂ ನಿಂತಿತು. ಎಂಟು ತಿಂಗಳಿಂದ ಚನ್ನಯ್ಯ ಹಗಲುಗನಸಿನಲ್ಲಿ ಕಂಡದ್ದು ಇದನ್ನೇ: ಸಾಹೇಬರ ಕೈಯಲ್ಲಿ ಪೆನ್ನು, ಅವಳ ಮುಖದಲ್ಲಿ ಈ ಬಣ್ಣ. ಈಗ ಎದುರಿಗೇ ನಡೆಯುತ್ತಿರುವಾಗ ಅದರಲ್ಲಿ ಒಂದು ಹನಿ ಸುಖವೂ ಸಿಗಲಿಲ್ಲ. ಯಾಕೆಂದರೆ ಅವಳು ತನ್ನ ಅನ್ನವನ್ನು ಎತ್ತಿ ಅವನ ಎಲೆಗೆ ಹಾಕಿದ್ದಳು, ಹಾಕಿ ಸುಮ್ಮನೆ ನಿಂತಿದ್ದಳು. ಅಂದರೆ ತನ್ನ ಮೇಲೆ ಇವಳಿಗೆ ಕನಿಕರ. ಹುಲಗಪ್ಪನ ಮಗಳಿಗೆ! ಇನ್ನು ಬದುಕಿರುವವರೆಗೆ ಪ್ರತಿಯೊಂದು ನಕ್ಷೆ ತೆರೆಯುವಾಗಲೂ ಅವನು ಅವಳು ದಯಪಾಲಿಸಿದ ಜಾಗದಲ್ಲಿ ಕುಳಿತಿರಬೇಕು. ಇದನ್ನು ಮಾತ್ರ ತಡೆದುಕೊಳ್ಳಲಾರೆ ಎನ್ನಿಸಿತು.

“ಆಕಿ ಸುಳ್ಳು ಹೇಳಾಕತ್ತಾಳ್ರಿ ಸರ,” ಎಂದುಬಿಟ್ಟ. ಅದು ತಪ್ಪೊಪ್ಪಿಗೆಯಂತೆ ಬರಲಿಲ್ಲ, ಚಾಡಿಯಂತೆ ಬಂತು. “ನಾ ಏನೂ ತೋರಿಸಿಲ್ಲ. ಎರಡು ಕಾರ್ಡ್ ಅವ ಅಂತ ನನಗ ಈಗ ಗೊತ್ತಾತು. ಇನ್ನೂರೈವತ್ತಾರು ಮೆಮೊರಿ ಅಲ್ಲ ಅಂತ ಹನ್ನೆರಡಕ್ಕ ಆಕಿನ ನನಗ ಹೇಳಿದ್ಲು, ನಾ ಬೈದು ಕಳಿಸಿದ್ನಿ. ಆಮ್ಯಾಲ ನಾನೂ ನೋಡಿದ್ನಿ. ಖರೇನ ಅದ. ನೋಡಿ ಬಾಯಿ ಮುಚಗೊಂಡು ಕುಂತಿದ್ನಿ.”

ಸಾಹೇಬರು ಬೈಯಲಿ ಎಂದು ಅವನು ಕಾದ, ಬೈದಿದ್ದರೆ ಹಗುರಾಗುತ್ತಿತ್ತು. ಅವರು ಪೆನ್ನು ಕೆಳಗಿಟ್ಟು, ಅವನನ್ನು ಈವರೆಗೆ ನೋಡಿರದ ರೀತಿಯಲ್ಲಿ ನೋಡಿ, “ನಮ್ಮಲ್ಲಿ ಈ ಮಾತನ್ನ ಇನ್ನೊಬ್ಬರು ಹೇಳಲ್ಲ ಕಣ್ರೀ,” ಎಂದರು. “ಕೈಗೆ ಬಂದ ಹೆಸರನ್ನ ಬೇಡ ಅನ್ನೋಕೆ ದೊಡ್ಡ ಮನಸ್ಸು ಬೇಕು. ಮೇಡಂ, ನೋಡಿ ಕಲೀರಿ ಇವರಿಂದ.” ಫೈಲಿನಲ್ಲಿ ಒಂದು ವರ್ಷಕ್ಕೆ ಮುಂದುವರಿಸಬಹುದೆಂದು ಬರೆದು ಸಹಿ ಮಾಡಿದರು.

ಹೊರಗೆ ಬಂದಮೇಲೆ ಹಾಲಿನ ಕಂಬದ ಹತ್ತಿರ ಅವಳು ನಿಂತಳು. ಅವನು ಕೇಳಿಯೇಬಿಟ್ಟ: “ನನ್ನ ಮ್ಯಾಲ ಯಾಕ ಕರುಣಾ ತೋರಿಸಾಕ ಬಂದಿ? ನಿನ್ನ ಹಂಗು ನನಗ ಬ್ಯಾಡ, ಅದಕ್ಕ ಹೇಳಿದ್ನಿ. ನಿನ್ನ ನೌಕರಿ ಉಳೀಲಿ ಅಂತ ಹೇಳಿಲ್ಲ, ತಿಳಕೊ.”

“ಗೊತ್ತದ್ರಿ,” ಎಂದಳು ಮರಿಲಿಂಗಮ್ಮ. “ಕರುಣಾ ಗಿರುಣಾ ಏನಿಲ್ರಿ ಸರ. ನಾ ತಪ್ಪು ಹಿಡದೀನಿ ಅಂದ್ರ ಆ ನೋಟು ನೀವು ಸತ್ರೂ ಬಿಡ್ತಿದ್ದಿಲ್ಲ. ನೀವ ಹಿಡದೀರಿ ಅಂತ ಸಾಹೇಬ್ರ ಮುಂದ ಹೇಳಿದ್ರ ನೀವ ಓಡಿಹೋಗಿ ತಗೀತೀರಿ ಅಂತ ಹೇಳಿದ್ನಿ. ಹಸನಸಾಬ್ರ ಹೆಸರು ಉಳದ್ರ ಸಾಕಾಗಿತ್ತು.”

“ನಾ ಹಿಂಗ ಅಂತ ಯಾರು ಹೇಳಿದ್ರು ನಿನಗ?”

“ಯಾರ್ ಹೇಳಬೇಕ್ರಿ? ಎಂಟು ತಿಂಗಳಾತು, ಎದುರಿಗೇ ಕುಂತೀನಲ್ರಿ.”

ಅಂಗಳದಲ್ಲಿ ಜೀಪು ಸ್ಟಾರ್ಟಾಯಿತು. ಡ್ರೈವರು ಒಳಗೆ ಬಂದು ಟಪಾಲಿನ ಟ್ರೇಗೆ ಕೈಹಾಕಿದ. ಮರಿಲಿಂಗಮ್ಮ ಅತ್ತ ನೋಡಲೂ ಇಲ್ಲ, ತನ್ನ ಕುರ್ಚಿಗೆ ಹೋಗಿ ಕುಳಿತಳು. ಚನ್ನಯ್ಯ ಐವತ್ತರ ಹತ್ತಿರದ ಮನುಷ್ಯ ಓಡಬಾರದ ಹಾಗೆ ಎಲ್ಲರೆದುರು ಓಡಿಹೋಗಿ ಡ್ರೈವರನ ಕೈಯಿಂದ ನೋಟನ್ನು ಕಿತ್ತುಕೊಂಡ. ವಾಪಸ್ ಪಡೆಯುವುದಕ್ಕೆ ಕಾರಣ ಬರೆಯಬೇಕಿತ್ತು. ‘ಪರೀಕ್ಷಿಸಿದವನ ತಪ್ಪು’ ಎಂದು ಬರೆದು, ಸಹಿ ಹಾಕಿ, ತಾರೀಖು ಹಾಕಿದ. ಹಸನಸಾಬ ಉಳಿದ, ಅವಳೂ ಉಳಿದಳು, ತನ್ನನ್ನು ಊರು ದೊಡ್ಡ ಮನಸ್ಸಿನವನೆಂದು ನಾಳೆಯಿಂದ ಹೊಗಳುತ್ತದೆ. ಅವನಿಗೆ ಮಾತ್ರ ಒಂದೇ ಯೋಚನೆ: ಓಡಿಹೋಗಿ ತಗೀತೀರಿ ಅಂದಿದ್ದಳು, ಓಡಿಯೇ ಬಂದೆನಲ್ಲ.